ಮೇಲೆ ರೆಕ್ಕೆ, ಕೆಳಗೆ ರೆಕ್ಕೆ



ಕಳೆದ ತಿಂಗಳು ನನ್ನ ಅಕ್ಕನ ಮಗ ಮನೆಗೆ ಬಂದಿದ್ದ. ಹುಟ್ಟಿದ್ದು, ಬೆಳೆದದ್ದು ಎಲ್ಲ ಮುಂಬಯಿಯಲ್ಲೇ. ಮನೆಯಲ್ಲಿ ಕನ್ನಡ, ಬಿಲ್ಡಿಂಗಿನ ಮೆಟ್ಟಿಲ ಮೇಲೆ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ಹೀಗೆ ನಿಮ್ಮಂತೆಯೇ ಅವನೂ ನಾಲ್ಕು ಭಾಷೆಗಳ ನಡುವೆ ಓಡಾಡುವವನು. ಈಗ ಖಾಸಗಿ ಪೈಲಟ್ ಲೈಸೆನ್ಸಿಗಾಗಿ ಕಲಿಯುತ್ತಿದ್ದಾನೆ. ಸೆಸ್ನಾ 172 ವಿಮಾನದಲ್ಲಿ ಒಬ್ಬನೇ ಹಾರಿಯೂ ಆಗಿದೆ. ಚಹ ಕುಡಿಯುತ್ತ ಕೇಳಿದ:

“ಮಾಮಾ, ಮುಂದಿನ ವಾರ ಪೈಪರ್ ಹಾರಿಸಬೇಕು ಅಂತಿದ್ದೀನಿ. ಅದೇನು ದೊಡ್ಡ ವಿಷಯ ಅಲ್ಲ ಅಲ್ವಾ? ಅದಕ್ಕೂ ನಾಲ್ಕು ಸೀಟು, ಒಂದು ಎಂಜಿನ್ನು, ಮೂರು ಚಕ್ರ. ಮೇಲಿದ್ದ ರೆಕ್ಕೆ ಕೆಳಗೆ ಬರುತ್ತೆ, ಅಷ್ಟೇ ತಾನೆ?”

ಈ “ಅಷ್ಟೇ ತಾನೆ” ಎಂಬ ಮಾತನ್ನು ನಾನೂ ಒಮ್ಮೆ ಆಡಿದ್ದೆ. ಆಡಿದ ಎರಡು ತಿಂಗಳಿಗೆ, ಇದೇ ಹುಡುಗನ ತಂದೆಯನ್ನು, ಅಂದರೆ ನನ್ನ ಭಾವನವರನ್ನು, ಪಕ್ಕದಲ್ಲಿ ಕೂರಿಸಿಕೊಂಡು ಮೂರು ಸಾವಿರ ಅಡಿ ಎತ್ತರದಲ್ಲಿ ಎಂಜಿನ್ ನಿಲ್ಲಿಸಿಕೊಂಡೆ. ಭಾವನವರಿಗೆ ಇಂದಿಗೂ ಈ ಸಂಗತಿ ಗೊತ್ತಿಲ್ಲ. ಈ ಸಂಚಿಕೆ ಅವರ ಮನೆಗೂ ಹೋಗುತ್ತದೆ, ಆದ್ದರಿಂದ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಿಮ್ಮಲ್ಲಿ ಕೆಲವರಾದರೂ ವಿಮಾನ ಕಲಿಯುತ್ತಿದ್ದೀರಿ, ಕಲಿಯಬೇಕೆಂದು ಕನಸು ಕಾಣುತ್ತಿದ್ದೀರಿ. ಅಳಿಯನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಯಾವುದು ಮೇಲು?

ರೆಕ್ಕೆ ಮೇಲಿರಬೇಕೋ ಕೆಳಗಿರಬೇಕೋ ಎಂಬ ಜಗಳ ಪೈಲಟ್‌ಗಳ ನಡುವೆ ಬಹಳ ಹಳೆಯದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಂಚೆ ಚೀಲಗಳನ್ನು ಹೊತ್ತು, ಅಹಮದಾಬಾದಿನ ಮಾರ್ಗವಾಗಿ ನಮ್ಮ ಜುಹೂ ನೆಲಕ್ಕೆ ಇಳಿದದ್ದು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ. ಅದರ ರೆಕ್ಕೆ ತಲೆಯ ಮೇಲಿತ್ತು. ಆ ಜುಹೂ ನಿಲ್ದಾಣದಲ್ಲಿ ಈಗ ಹೆಚ್ಚಾಗಿ ಹೆಲಿಕಾಪ್ಟರ್‌ಗಳ ಸದ್ದೇ.

ನಮ್ಮ ಬೆಂಗಳೂರಂತೂ ಎರಡು ಬಗೆಯನ್ನೂ ಕಟ್ಟಿದೆ. ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನಕ್ಕೆ ರೆಕ್ಕೆ ಕೆಳಗೆ. 1958ರಲ್ಲಿ ಅದೇ ಕಾರ್ಖಾನೆಯಿಂದ ಹೊರಬಂದು ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದ ಪುಷ್ಪಕ್ ವಿಮಾನಕ್ಕೆ ರೆಕ್ಕೆ ಮೇಲೆ, ಅದೂ ಬಟ್ಟೆ ಹೊದಿಸಿದ ರೆಕ್ಕೆ. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯ ನಿರ್ಮಿಸಿ 2000ದಲ್ಲಿ ಪ್ರಮಾಣಪತ್ರ ಪಡೆದ ಹಂಸ-3, 2021ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಅದರ ತಂಗಿ ಹಂಸ-ಎನ್‌ಜಿ, ಎರಡೂ ಕೆಳರೆಕ್ಕೆಯವು.

ಇಂದು ಜಗತ್ತಿನಾದ್ಯಂತ ಖಾಸಗಿ ಪೈಲಟ್‌ಗಳು ಹೆಚ್ಚಾಗಿ ಎದುರಿಸುವ ಜೋಡಿ ಎಂದರೆ ಸೆಸ್ನಾ 172 ಮತ್ತು ಪೈಪರ್ ಪಿಎ-28. ಸೆಸ್ನಾ 1956ರಿಂದ ಮಾರುಕಟ್ಟೆಯಲ್ಲಿದೆ, ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಬೇರಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ಪೈಪರ್ 1960ರ ದಶಕದ ಆರಂಭದಲ್ಲಿ ಚೆರೋಕಿ ಎಂಬ ಹೆಸರಿನಿಂದ ಬಂದು, ವಾರಿಯರ್, ಆರ್ಚರ್ ಎಂದು ಬೆಳೆಯಿತು. ಎರಡೂ ಒಳ್ಳೆಯ, ಸಾಧು ಸ್ವಭಾವದ ವಿಮಾನಗಳು. ಹೀಗಾಗಿ ಯಾವುದು ಮೇಲು ಎಂಬ ಪ್ರಶ್ನೆಯನ್ನು ಕ್ಯಾಂಟೀನಿಗೆ ಬಿಡೋಣ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಮ್ಮೊಳಗೆ ಏನು ಬದಲಾಗಬೇಕು ಎಂಬುದನ್ನು ನೋಡೋಣ.

ಕಾಣುವುದು, ಕಾಣದಿರುವುದು

ಸೆಸ್ನಾದಲ್ಲಿ ಕೂತರೆ ಕೆಳಗಿನ ಲೋಕವೆಲ್ಲ ನಿಮ್ಮದು. ಹೊಲ, ನದಿ, ರೈಲು ಹಳಿ, ಎಲ್ಲವೂ ಕಿಟಕಿಯಲ್ಲಿ ಕಾಣುತ್ತವೆ. ಬಿಸಿಲಿಗೆ ರೆಕ್ಕೆಯೇ ನೆರಳು. ಮೊದಲ ಸಲ ವಿಮಾನ ಹತ್ತುವ ಅಜ್ಜಿಯನ್ನು ಕರೆದೊಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಎಡಕ್ಕೆ ತಿರುಗಲು ವಿಮಾನವನ್ನು ಬಾಗಿಸಿದೊಡನೆ ಎಡ ರೆಕ್ಕೆ ಕೆಳಗಿಳಿದು, ಯಾವ ಕಡೆಗೆ ಹೋಗುತ್ತಿದ್ದೀರೋ ಆ ಕಡೆಯನ್ನೇ ಪರದೆ ಎಳೆದಂತೆ ಮುಚ್ಚಿಬಿಡುತ್ತದೆ. ಆದ್ದರಿಂದಲೇ ಸೆಸ್ನಾ ಕಲಿಸುವ ಗುರುಗಳು ತಿರುಗುವ ಮೊದಲು ಆ ರೆಕ್ಕೆಯನ್ನು ಸ್ವಲ್ಪ ಮೇಲೆತ್ತಿ ಇಣುಕಿ ನೋಡಿ, ಆಮೇಲೆ ತಿರುಗಿ ಎಂದು ನೂರು ಸಲ ಹೇಳುತ್ತಾರೆ.

ಪೈಪರಿನಲ್ಲಿ ಇದು ತಿರುವುಮುರುವು. ತಲೆಯ ಮೇಲೆ ಪೂರ್ತಿ ಆಕಾಶ. ತಿರುಗುವಾಗ ಒಳಗಿನ ರೆಕ್ಕೆ ಕೆಳಗೆ ಸರಿದು ದಾರಿ ಬಿಟ್ಟುಕೊಡುತ್ತದೆ, ರನ್‌ವೇ ಕಣ್ಣೆದುರಿಗೇ ಉಳಿಯುತ್ತದೆ. ಆದರೆ ನೇರ ಕೆಳಗೆ ಏನಿದೆ ಎಂಬುದನ್ನು ರೆಕ್ಕೆ ನುಂಗಿಬಿಡುತ್ತದೆ.

ಈಗ ಈ ಎರಡು ವಿಮಾನಗಳನ್ನು ಒಂದೇ ನಿಲ್ದಾಣದಲ್ಲಿ, ಒಂದೇ ಹೊತ್ತಿಗೆ ಇಳಿಯಲು ಬಿಡಿ. ಸೆಸ್ನಾ ಕೆಳಗೆ, ಪೈಪರ್ ಅದರ ಮೇಲೆ. ಎರಡೂ ಅದೇ ರನ್‌ವೇ ಕಡೆಗೆ ಇಳಿಯುತ್ತಿವೆ. ಸೆಸ್ನಾದವನಿಗೆ ಮೇಲೆ ಕಾಣದು, ಪೈಪರಿನವನಿಗೆ ಕೆಳಗೆ ಕಾಣದು. ಇಬ್ಬರ ಕಣ್ಣೂ ಚೆನ್ನಾಗಿದೆ, ಹವಾಮಾನವೂ ಚೆನ್ನಾಗಿದೆ, ಆದರೂ ಒಬ್ಬರಿಗೊಬ್ಬರು ಇಲ್ಲವೇ ಇಲ್ಲ. ವಿಮಾನ ಸುರಕ್ಷತೆಯ ಪಾಠಗಳಲ್ಲಿ ಈ ಚಿತ್ರ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದೇ. ಇಲ್ಲಿ ಕಣ್ಣು ಸೋತಾಗ ಕಿವಿ ಮತ್ತು ಬಾಯಿ ಕೆಲಸ ಮಾಡಬೇಕು: ರೇಡಿಯೋದಲ್ಲಿ ತಾನಿರುವ ಸ್ಥಳ ಹೇಳುವುದು, ಇತರರು ಹೇಳಿದ್ದನ್ನು ಮನಸ್ಸಿನಲ್ಲಿ ನಕ್ಷೆ ಬರೆದುಕೊಳ್ಳುವುದು. ಜೊತೆಗೆ, ಗೊತ್ತುಪಡಿಸಿದ ಎತ್ತರದಲ್ಲೇ ನಿಲ್ದಾಣದ ಸುತ್ತು ಹಾಕುವುದು, ಉದ್ದಕ್ಕೂ ಇಳಿಯುವಾಗ ಆಗಾಗ ಮೆಲ್ಲನೆ ಅತ್ತಿತ್ತ ತಿರುಗಿ ಮರೆಯಾದ ಜಾಗವನ್ನು ನೋಡಿಕೊಳ್ಳುವುದು.

ಸೆಸ್ನಾದಿಂದ ಪೈಪರಿಗೆ ಬಂದವನು ರೆಕ್ಕೆ ಎತ್ತಿ ಇಣುಕುವ ಹಳೆಯ ಅಭ್ಯಾಸವನ್ನು ಜೊತೆಗೆ ತಂದರೆ ನಷ್ಟವೇನೂ ಇಲ್ಲ. ಆದರೆ ಹಳೆಯ ಅಭ್ಯಾಸ ಅಷ್ಟಕ್ಕೇ ನಿಂತು, ಕೆಳಗಿನ ಹೊಸ ಕುರುಡು ಜಾಗಕ್ಕೆ ಹೊಸ ಅಭ್ಯಾಸ ಹುಟ್ಟದೆ ಹೋದರೆ ಅಪಾಯ.

ನೆಲದ ಹತ್ತಿರ

ಇಳಿಯುವಾಗ ಇನ್ನೊಂದು ವ್ಯತ್ಯಾಸ. ರೆಕ್ಕೆ ನೆಲಕ್ಕೆ ತೀರ ಹತ್ತಿರ ಬಂದಾಗ ಅದರ ತುದಿಗಳಲ್ಲಿ ಸುತ್ತುವ ಗಾಳಿಗೆ ನೆಲ ಅಡ್ಡ ಬರುತ್ತದೆ, ಎಳೆತ ಕಡಿಮೆಯಾಗುತ್ತದೆ, ವಿಮಾನ ಇಳಿಯಲೊಲ್ಲೆ ಎಂಬಂತೆ ತೇಲುತ್ತದೆ. ಇದು ಎಲ್ಲ ವಿಮಾನಗಳಿಗೂ ಉಂಟು. ಆದರೆ ಚಕ್ರ ನೆಲ ಮುಟ್ಟುವ ಹೊತ್ತಿಗೆ ಸೆಸ್ನಾದ ರೆಕ್ಕೆ ನಮ್ಮ ತಲೆಗಿಂತ ಮೇಲಿರುತ್ತದೆ, ಪೈಪರಿನದು ಸೊಂಟಕ್ಕಿಂತ ಕೆಳಗೆ. ಆದ್ದರಿಂದ ಪೈಪರಿನಲ್ಲಿ ತೇಲಾಟ ಹೆಚ್ಚು.

ಎರಡನ್ನೂ ಕೊನೆಯ ಹಂತದಲ್ಲಿ ಸುಮಾರು 65 ನಾಟ್ ವೇಗದಲ್ಲಿ ತರುತ್ತೇವೆ. “ಇರಲಿ, ಜೋಪಾನಕ್ಕೆ” ಎಂದು ಹತ್ತು ನಾಟ್ ಹೆಚ್ಚು ತಂದರೆ ಸೆಸ್ನಾ ಸ್ವಲ್ಪ ಗೊಣಗಿ ಕೂರುತ್ತದೆ. ಪೈಪರ್ ಮಾತ್ರ ರನ್‌ವೇಯ ಅರ್ಧದವರೆಗೂ ತೇಲುತ್ತಾ ಹೋಗುತ್ತದೆ. ಆಗ ಹೆದರಿ ಮೂಗನ್ನು ಕೆಳಗೆ ಒತ್ತಿದರೆ ಮುಂದಿನ ಚಕ್ರ ಮೊದಲು ಬಡಿದು ವಿಮಾನ ಚೆಂಡಿನಂತೆ ಪುಟಿಯುತ್ತದೆ. ನಾನು ಮೊದಲ ವಾರ ಹೀಗೆಯೇ ಪುಟಿಸಿದೆ. ನಮ್ಮ ಗುರುಗಳು ವಾಯುಪಡೆಯಿಂದ ನಿವೃತ್ತರಾದವರು, ಧಾರವಾಡದ ಕಡೆಯವರು. ಅವರು ಶಾಂತವಾಗಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ:

“ತಮ್ಮಾ, ವಿಮಾನ ಬದಲಾತು. ನಿನ್ನ ಕೈ ಇನ್ನೂ ಬದಲಾಗಿಲ್ಲ.”

ವೇಗ ಹೆಚ್ಚಾಗಿದೆ, ಜಾಗ ಸಾಲದು ಎನಿಸಿದರೆ ಮತ್ತೆ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಹಾಕಿ ಬರುವುದೇ ಮರ್ಯಾದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಓವರ್‌ಹೆಡ್ ಟ್ಯಾಂಕು ಮತ್ತು ಸಂಪು

ಇನ್ನು ಬಹು ಮುಖ್ಯವಾದ ಸಂಗತಿ. ಸಣ್ಣ ವಿಮಾನಗಳಲ್ಲಿ ಪೆಟ್ರೋಲು ಇರುವುದು ರೆಕ್ಕೆಯೊಳಗೆ, ಎಡಕ್ಕೊಂದು ಬಲಕ್ಕೊಂದು ಟ್ಯಾಂಕು.

ನಿಮ್ಮ ಬಿಲ್ಡಿಂಗಿನ ಗಚ್ಚಿಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಕರೆಂಟು ಹೋದರೂ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಸೆಸ್ನಾ 172 ಹೀಗೆಯೇ. ಪೆಟ್ರೋಲು ತಾನಾಗಿಯೇ ಎಂಜಿನ್ನಿಗೆ ಇಳಿಯುತ್ತದೆ, ಪಂಪು ಬೇಕಿಲ್ಲ. 1996ರ ನಂತರ ಬಂದ ಇಂಜೆಕ್ಷನ್ ಎಂಜಿನ್ನಿನ ಸೆಸ್ನಾಗಳಲ್ಲಿ ಪಂಪು ಉಂಟು. ಆದರೆ ಹಳೆಯದರಲ್ಲಾಗಲಿ ಹೊಸದರಲ್ಲಾಗಲಿ ಇಂಧನದ ಗುಬುಟಿಗೆ ಎಡ, ಬಲ ಅಲ್ಲದೆ ‘ಎರಡೂ’ ಎಂಬ ಜಾಗವಿದೆ. ಅಲ್ಲಿಟ್ಟು ಹಾರಿದರೆ ಎರಡು ಟ್ಯಾಂಕಿನಿಂದಲೂ ಪೆಟ್ರೋಲು ಬರುತ್ತಿರುತ್ತದೆ.

ಪೈಪರಿನದು ನೆಲಮಟ್ಟದ ಸಂಪು. ಪಂಪು ಎತ್ತಿಕೊಡದೆ ಮೇಲೆ ಬಾರದು. ಎಂಜಿನ್ನೇ ತಿರುಗಿಸುವ ಪಂಪು ಒಂದು, ಅದು ಕೈಕೊಟ್ಟರೆ ಇರಲೆಂದು ವಿದ್ಯುತ್ ಪಂಪು ಇನ್ನೊಂದು. ಏರುವಾಗ, ಇಳಿಯುವಾಗ, ಟ್ಯಾಂಕು ಬದಲಿಸುವಾಗ ವಿದ್ಯುತ್ ಪಂಪನ್ನು ಹಾಕಿಕೊಳ್ಳಬೇಕು. ಇಲ್ಲಿನ ಗುಬುಟಿಯಲ್ಲಿ ‘ಎರಡೂ’ ಎಂಬುದೇ ಇಲ್ಲ. ಎಡ ಅಥವಾ ಬಲ, ಇಲ್ಲವೇ ಬಂದ್.

ಯಾಕೆ ಹೀಗೆ? ಎರಡು ಎಳನೀರಿಗೆ ಎರಡು ಕೊಳವೆ ಹಾಕಿ ಒಟ್ಟಿಗೇ ಬಾಯಲ್ಲಿಟ್ಟು ಹೀರಿ ನೋಡಿ. ಎರಡರಲ್ಲೂ ನೀರಿರುವ ತನಕ ಸರಿ. ಒಂದು ಖಾಲಿಯಾದ ಕ್ಷಣ ಬಾಯಿಗೆ ಬರುವುದು ಗಾಳಿ. ಇನ್ನೊಂದರಲ್ಲಿ ನೀರು ತುಂಬಿದ್ದರೂ ಹೀರಲಾಗದು. ಪಂಪಿನ ಪಾಡೂ ಅದೇ. ಆದ್ದರಿಂದ ಪೈಪರಿನಲ್ಲಿ ಪೈಲಟ್ಟೇ ಗಡಿಯಾರ ನೋಡಿಕೊಂಡು, ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಿಸುತ್ತಿರಬೇಕು.

ಆ ಹದಿನೈದು ಸೆಕೆಂಡು

ಇದೆಲ್ಲ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ಣ ಅಂಕ ಬರುತ್ತಿತ್ತು.

ಭಾವನವರನ್ನು ಕರೆದುಕೊಂಡು ಹೊರಟ ದಿನ ಆರ್ಚರಿನ ಎರಡೂ ಟ್ಯಾಂಕುಗಳಲ್ಲಿ ಒಳಗಿನ ಗುರುತಿನ ಪಟ್ಟಿಯವರೆಗೆ, ಅಂದರೆ ತಲಾ 64 ಲೀಟರಿನಷ್ಟು ಪೆಟ್ರೋಲು ಇತ್ತು. ಎಂಜಿನ್ನು ಗಂಟೆಗೆ ಕುಡಿಯುವುದು ಸುಮಾರು 35 ಲೀಟರು. ಎಡ ಟ್ಯಾಂಕಿನ ಮೇಲೆ ಹೊರಟೆ. ಆಕಾಶ ತಿಳಿಯಾಗಿತ್ತು. ಭಾವನವರು ಕೆಳಗಿನ ಕೆರೆಯನ್ನು ನೋಡಲು ಕತ್ತು ಚಾಚಿ, “ಏನಯ್ಯಾ, ರೆಕ್ಕೆ ಅಡ್ಡ ಬರುತ್ತಲ್ಲ” ಎಂದು ದೂರುತ್ತಿದ್ದರು. ಹರಟೆ ಹೊಡೆಯುತ್ತ ಹಾರಿದೆವು. ನನ್ನ ಕೈಗೆ ಟ್ಯಾಂಕು ಬದಲಿಸುವ ಅಭ್ಯಾಸವೇ ಇರಲಿಲ್ಲ. ಸೆಸ್ನಾದಲ್ಲಿ ‘ಎರಡೂ’ ಎಂದಿಟ್ಟು ಮರೆತುಬಿಡುತ್ತಿದ್ದ ಕೈ ಅದು.

ವಿಮಾನ ಪಾಪ, ಹೇಳುತ್ತಲೇ ಇತ್ತು. ಎಡಗಡೆ ಖಾಲಿಯಾದಂತೆ ಬಲ ರೆಕ್ಕೆ ಭಾರವಾಗುತ್ತಾ ಹೋಯಿತು. ಕೊನೆಗೆ ಎರಡರ ನಡುವೆ 40 ಕಿಲೋಗೂ ಮೀರಿದ ವ್ಯತ್ಯಾಸ. ನಾನು ಹ್ಯಾಂಡಲನ್ನು ಎಡಕ್ಕೆ ಹಿಡಿದುಕೊಂಡೇ ಹಾರಿಸುತ್ತಿದ್ದೆ. ಯಾಕೆ ಹಿಡಿದಿದ್ದೇನೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಒಂದೂಮುಕ್ಕಾಲು ಗಂಟೆ ಕಳೆದಾಗ ಎಂಜಿನ್ನು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಬರೀ ಗಾಳಿಯ ಸದ್ದು.

ನನ್ನ ಬಲಗೈ ತಾನಾಗಿಯೇ ಎರಡು ಸೀಟುಗಳ ನಡುವಿನ ನೆಲದ ಕಡೆ ಹೋಯಿತು. ಸೆಸ್ನಾದಲ್ಲಿ ಇಂಧನದ ಗುಬುಟಿ ಇರುವುದು ಅಲ್ಲಿಯೇ. ಆದರೆ ಅಲ್ಲಿ ಕೈಗೆ ಸಿಕ್ಕಿದ್ದು ರೆಕ್ಕೆಯ ಫ್ಲ್ಯಾಪು ಇಳಿಸುವ ಲಿವರು! ಪೈಪರಿನಲ್ಲಿ ಆ ಜಾಗ ಅದರದು. ಒಂದು ಗಳಿಗೆ ಅದನ್ನೇ ಹಿಡಿದುಕೊಂಡು ಕೂತೆ. ಇದು ಗುಬುಟಿಯಲ್ಲ, ಗುಬುಟಿ ಎಲ್ಲಿ ಹೋಯಿತು? ಆರ್ಚರಿನಲ್ಲಿ ಅದು ಎಡಗಡೆಯ ಗೋಡೆಯಲ್ಲಿ, ನನ್ನ ಎಡ ಮೊಣಕಾಲಿನ ಬಳಿ ಇತ್ತು. ಕೊನೆಗೂ ಎಡಗೈ ಅದನ್ನು ಹುಡುಕಿ ಬಲ ಟ್ಯಾಂಕಿಗೆ ತಿರುಗಿಸಿತು, ವಿದ್ಯುತ್ ಪಂಪು ಹಾಕಿದೆ, ಮಿಶ್ರಣ ಪೂರ್ತಿ ಮುಂದಕ್ಕೆ ಒತ್ತಿದೆ. ಎಂಜಿನ್ನು ಮತ್ತೆ ಗುಡುಗಿತು. ಎಲ್ಲ ಸೇರಿ ಹದಿನೈದು ಸೆಕೆಂಡು, ನೂರೈವತ್ತು ಅಡಿ ಎತ್ತರದ ನಷ್ಟ.

“ಏನಾಯ್ತು?” ಎಂದರು ಭಾವನವರು.

“ಟ್ಯಾಂಕು ಬದಲಿಸಿದೆ ಭಾವ,” ಎಂದೆ. ಸುಳ್ಳಂತೂ ಅಲ್ಲ.

ಮೂರು ಸಾವಿರ ಅಡಿ ಇದ್ದದ್ದರಿಂದ ಬದುಕಿದೆವು. ಇದೇ ಕೆಮ್ಮು ಇಳಿಯುವ ಹೊತ್ತಿಗೆ, ಮುನ್ನೂರು ಅಡಿಯಲ್ಲಿ ಬಂದಿದ್ದರೆ ಆ ಹದಿನೈದು ಸೆಕೆಂಡನ್ನು ಎಲ್ಲಿಂದ ತರುವುದು? ಆ ರಾತ್ರಿ ಇನ್ನೊಂದು ಯೋಚನೆಯೂ ಬಂತು. ಪೈಪರಿಗೆ ಇರುವುದು ಒಂದೇ ಬಾಗಿಲು, ಅದೂ ಬಲಗಡೆ. ಮೊದಲು ಪೈಲಟ್ ಹತ್ತಿ ಒಳಗೆ ಸರಿಯಬೇಕು, ಆಮೇಲೆ ಪಕ್ಕದವರು. ಹೊಲದಲ್ಲಿ ಇಳಿಸಬೇಕಾಗಿ ಬಂದಿದ್ದರೆ ಭಾವನವರು ಬಾಗಿಲು ತೆಗೆದು ಮೊದಲು ಹೊರಬರಬೇಕಿತ್ತು. ಆ ಬಾಗಿಲಿಗೆ ಮೇಲೊಂದು, ಪಕ್ಕದಲ್ಲೊಂದು, ಹೀಗೆ ಎರಡು ಚಿಲಕ. ಅದನ್ನು ಅವರಿಗೆ ತೋರಿಸಿಯೇ ಇರಲಿಲ್ಲ. ಎಡಕ್ಕೂ ಬಲಕ್ಕೂ ಬಾಗಿಲಿರುವ ಸೆಸ್ನಾದಲ್ಲಿ ಅದರ ಅಗತ್ಯ ನನಗೆ ಅಷ್ಟಾಗಿ ಕಂಡಿರಲಿಲ್ಲ.

‘ಬಾಲ’ ಕತ್ತರಿಸಿದ ಕಥೆ

ನಿಮಗೆ ಇದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ನೀವು ದಿನವೂ ಇದನ್ನೇ ಮಾಡುವವರು. ನಮ್ಮ ನೆಂಟರ ಮಗುವೊಂದು ಕ್ಷೌರದ ಅಂಗಡಿಯಿಂದ ಬಂದು ಊರಿನ ಅಜ್ಜಿಗೆ ಫೋನಿನಲ್ಲಿ, “ಅಜ್ಜಿ, ಇವತ್ತು ನನ್ನ ಬಾಲ ಕತ್ತರಿಸಿದ್ರು” ಎಂದಿತು. ಹಿಂದಿಯ ‘ಬಾಲ್’ ಎಂದರೆ ಕೂದಲು. ಅಜ್ಜಿಗೆ ಗೊತ್ತಿರುವ ಬಾಲ ಮಂಗನದು! ಮನೆಮಂದಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಪೂರ್ತಿ ಬೇರೆಯಾದ ಶಬ್ದ ನಮ್ಮನ್ನು ಎಡವಿಸುವುದಿಲ್ಲ, ಅದನ್ನು ಹೊಸದೆಂದು ಕಲಿಯುತ್ತೇವೆ. ಎಡವಿಸುವುದು ಒಂದೇ ಸದ್ದಿನ ಬೇರೆ ಅರ್ಥ. ವಿಮಾನದಲ್ಲೂ ಹಾಗೆಯೇ. ಗುಬುಟಿಯಿದ್ದ ಜಾಗದಲ್ಲಿ ಲಿವರು. ಅದೇ 65 ನಾಟ್, ಆದರೆ ಬೇರೆ ತೇಲಾಟ. ಸೆಸ್ನಾ ಮತ್ತು ಪೈಪರ್ ಅಷ್ಟೊಂದು ಒಂದೇ ರೀತಿ ಇರುವುದೇ ಅಪಾಯದ ಮೂಲ. ಭಾಷೆಯಲ್ಲಿ ತಪ್ಪಿದರೆ ನಗು ಬರುತ್ತದೆ. ಅಲ್ಲಿ ಮೇಲೆ ತಪ್ಪಿದರೆ ನಗುವವರು ಇರುವುದಿಲ್ಲ.

ಬದಲಾಯಿಸುವ ಮುನ್ನ

ನಮ್ಮ ದೇಶದಲ್ಲಿ 17 ವರ್ಷ ತುಂಬಿ, ಹತ್ತನೆಯ ತರಗತಿ ಪಾಸಾಗಿ, ಪರೀಕ್ಷೆಗಳ ಜೊತೆಗೆ ಕನಿಷ್ಠ 40 ಗಂಟೆ ಹಾರಿದವರಿಗೆ ಖಾಸಗಿ ಪೈಲಟ್ ಲೈಸೆನ್ಸು ಸಿಗಬಹುದು. ಆ 40 ಗಂಟೆಯಲ್ಲಿ ನಿಮ್ಮ ಕೈ ಕಲಿಯುವುದು ಒಂದೇ ವಿಮಾನವನ್ನು. ಅದು ಎಷ್ಟು ಚೆನ್ನಾಗಿ ಕಲಿತಿದೆಯೋ, ಬದಲಾಗುವುದು ಅಷ್ಟೇ ಕಷ್ಟ. ಆದ್ದರಿಂದ ನನ್ನ ಅಳಿಯನಿಗೆ ಹೇಳಿದ ಮಾತುಗಳು ಇವು.

ಹೊಸ ವಿಮಾನದ ಕೈಪಿಡಿಯನ್ನು ಮನೆಗೆ ತಂದು ಓದು, ಮುಖ್ಯವಾಗಿ ಇಂಧನದ ಅಧ್ಯಾಯ ಮತ್ತು ಎಂಜಿನ್ ನಿಂತಾಗ ಮಾಡಬೇಕಾದ ಕ್ರಮಗಳು. ಆಮೇಲೆ ವಿಮಾನ ನಿಂತಿರುವಾಗಲೇ ಅರ್ಧ ಗಂಟೆ ಒಳಗೆ ಕೂತು, ಕಣ್ಣು ಮುಚ್ಚಿ, ಗುಬುಟಿ ಎಲ್ಲಿ, ಪಂಪು ಎಲ್ಲಿ, ಫ್ಲ್ಯಾಪು ಎಲ್ಲಿ ಎಂದು ಮುಟ್ಟಿ ಮುಟ್ಟಿ ನೋಡು. ತಡವರಿಸದೆ ಸಿಗುವ ತನಕ ನೆಲ ಬಿಡಬೇಡ.

ಹೊರಗಿನ ತಪಾಸಣೆಯೂ ಬೇರೆ. ಸೆಸ್ನಾದಲ್ಲಿ ಏಣಿ ಅಥವಾ ಮೆಟ್ಟಿಲು ಹತ್ತಿ ಟ್ಯಾಂಕು ನೋಡಬೇಕು, ಮರೆತು ತಲೆ ಎತ್ತಿದರೆ ರೆಕ್ಕೆಯ ಅಂಚು ಹಣೆಗೆ ಕುಂಕುಮ ಇಡುತ್ತದೆ. ಪೈಪರಿನಲ್ಲಿ ನಿಂತಲ್ಲೇ ಮುಚ್ಚಳ ತೆಗೆದು ನೋಡಬಹುದು, ಆದರೆ ಪೆಟ್ರೋಲಿನಲ್ಲಿ ನೀರು ಸೇರಿದೆಯೇ ಎಂದು ಹನಿ ಹಿಡಿದು ನೋಡಲು ರೆಕ್ಕೆಯ ಕೆಳಗೆ ಕುಕ್ಕರಗಾಲಿನಲ್ಲಿ ಕೂರಬೇಕು. ಬಟ್ಟೆ ಕೊಳೆಯಾಗುತ್ತದೆಂದು ಬಿಡಬೇಡ.

ಪೈಪರಿನಲ್ಲಿ ಹಾರುವಾಗ ಟ್ಯಾಂಕು ಬದಲಿಸಿದ ಹೊತ್ತನ್ನು ಪ್ರತಿ ಸಲ ಕಾಗದದ ಮೇಲೆ ಬರೆ. ನೆನಪನ್ನು ನಂಬಬೇಡ, ಹರಟೆಯ ನಡುವೆ ಅದು ಮೊದಲು ಜಾರುತ್ತದೆ. ವಿಮಾನವನ್ನು ಒಂದೇ ಕಡೆಗೆ ಹಿಡಿದುಕೊಂಡು ಹಾರಿಸುತ್ತಿದ್ದೀಯ ಎನಿಸಿದರೆ, ಯಾಕೆಂದು ಕೇಳಿಕೋ.

ಗುರುಗಳ ಜೊತೆ ಹಾರು, ಆಮೇಲೆ ಒಬ್ಬನೇ ಹಾರು, ಜನರನ್ನು ಕೂರಿಸಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಕೂತವರಿಗೆ ಬಾಗಿಲು ತೆಗೆಯುವುದನ್ನು ಅವರ ಕೈಯಿಂದಲೇ ಮಾಡಿಸು.

ಮತ್ತೊಂದು. ಆರು ತಿಂಗಳು ಪೈಪರ್ ಹಾರಿಸಿ ಸೆಸ್ನಾಕ್ಕೆ ಮರಳಿದಾಗ, “ಇದು ನನ್ನ ತವರು, ಎಲ್ಲ ಗೊತ್ತು” ಎಂದುಕೊಳ್ಳಬೇಡ. ಆ ಹೊತ್ತಿಗೆ ತಿರುಗುವ ಮೊದಲು ರೆಕ್ಕೆ ಎತ್ತಿ ನೋಡುವುದನ್ನು ಕೈ ಮರೆತಿರುತ್ತದೆ. ಮರಳಿ ಬರುವುದೂ ಒಂದು ಬದಲಾವಣೆಯೇ, ಅದಕ್ಕೂ ಗುರುಗಳ ಜೊತೆ ಒಂದು ಗಂಟೆ ಹಾರುವುದು ಒಳ್ಳೆಯದು.

ಅಳಿಯ ಎಲ್ಲವನ್ನೂ ಕೇಳಿ, ಖಾಲಿ ಲೋಟ ಕೆಳಗಿಟ್ಟು, “ಹಾಗಾದ್ರೆ ಮಾಮಾ, ಅಪ್ಪನ ಜೊತೆ ಹಾರಿದ ಆ ದಿನ...” ಎಂದು ರಾಗ ಎಳೆದ. ಹೌದಪ್ಪಾ, ಆ ದಿನವೇ ಎಂದೆ. ಅವನ ಮುಖದ ಬಣ್ಣ ಸ್ವಲ್ಪ ಬದಲಾಯಿತು. ಪೈಪರ್ ಹಾರಾಟವನ್ನು ಒಂದು ವಾರ ಮುಂದೆ ಹಾಕಿದ. ಮೊನ್ನೆ ಫೋನು ಮಾಡಿದ್ದ. ಎರಡು ಸಂಜೆ ನಿಂತ ವಿಮಾನದಲ್ಲಿ ಕಣ್ಣು ಮುಚ್ಚಿ ಕೂತಿದ್ದನಂತೆ. ಮೊದಲ ದಿನ ಅವನ ಬಲಗೈಯೂ ಸೀಟುಗಳ ನಡುವಿನ ನೆಲಕ್ಕೇ ಹೋಯಿತಂತೆ. ಎರಡನೆಯ ದಿನ ಹೋಗಲಿಲ್ಲವಂತೆ.

ಭಾವನವರೇ, ನೀವು ಇಲ್ಲಿಯವರೆಗೆ ಓದಿದ್ದರೆ ದಯವಿಟ್ಟು ಕ್ಷಮಿಸಿ. ಮಗ ಕರೆದಾಗ ಧೈರ್ಯವಾಗಿ ಹತ್ತಿ. ಅವನು ನನಗಿಂತ ಚೆನ್ನಾಗಿ ಕಲಿಯುತ್ತಿದ್ದಾನೆ. ಆದರೂ ಅರ್ಧ ಗಂಟೆಗೊಮ್ಮೆ, “ಟ್ಯಾಂಕು ಬದಲಿಸಿದೆಯೇನೋ?” ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ.